ಹಿರಿಯಳ ಕೈಯ ಮೊದಲ ಕಳೆ

ಕಳೆಗೇನು, ಅದಕ್ಕೆ ಹಿರಿಯಳು ಕಿರಿಯಳು ಅನ್ನುವ ಮರ್ಯಾದೆ ಇದೆಯೇ? ಯಾಲಾ ಹೊಳೆಯ ದಂಡೆಯ ಆ ಮನೆತನದಲ್ಲಿ ಮನುಷ್ಯರಿಗಿತ್ತು. ಹಿರಿಯ ಹೆಂಡತಿ ಅಡೆರೊ ತನ್ನ ಹೊಲದಲ್ಲಿ ಮೊದಲ ಕಳೆ ಕೀಳುವ ತನಕ ಕಿರಿಯಳಾದ ಅಪೊಂಡಿ ತನ್ನ ಹೊಲಕ್ಕೆ ಗುದ್ದಲಿ ಹಾಕುವಂತಿಲ್ಲ. ಹಾಕಿದರೆ ಕಟ್ಟಳೆ ಮುರಿದವರಿಗೆ ಬಡಿಯುವ ಚಿರಾ ಎಂಬ ಶಾಪ ತಗಲಿ ಮಕ್ಕಳು ಸೊರಗುತ್ತಾರೆ. ಗಂಡ ಸತ್ತು ಆರು ವರ್ಷವಾದರೂ ಕಟ್ಟಳೆ ಸತ್ತಿರಲಿಲ್ಲ.

ಬಿತ್ತಿ ನಾಲ್ಕು ವಾರವಾಗಿತ್ತು. ಅಪೊಂಡಿಯ ಮೆಕ್ಕೆಜೋಳದ ಸಾಲುಗಳ ನಡುವೆ ಬೀನ್ಸ್ ಗಿಡಗಳು ಅಂಟುಮುಳ್ಳಿನ ಕಳೆಯಡಿ ಉಸಿರುಗಟ್ಟುತ್ತಿದ್ದವು. ಇನ್ನೊಂದು ವಾರ ಬಿಟ್ಟರೆ ಈ ಬೆಳೆಗೆ ಎಳ್ಳುನೀರು ಬಿಟ್ಟಂತೆಯೇ. ಅಡೆರೊ ಮಾತ್ರ ಬಾಗಿಲಲ್ಲಿ ಕೂತು ದಿನಕ್ಕೊಂದು ನೆಪ ಹೇಳುತ್ತಿದ್ದಳು. ಇವತ್ತು ನೆಲ ಹಸಿ, ನಾಳೆ ಸೊಂಟ ನೋವು.

"ಬೇಕಂತಲೇ ಮಾಡ್ತಾಳೆ ಮುದುಕಿ," ಎಂದು ಹಲ್ಲು ಕಡಿಯುತ್ತ ಅಪೊಂಡಿ ಒಂದು ಬೆಳಿಗ್ಗೆ ಜಗಳಕ್ಕೇ ಹೊರಟಳು. ಅಡೆರೊಳ ಹೊಲ ದಾಟುವಾಗ ಕಾಲು ತಾನಾಗಿ ನಿಂತಿತು. ಹೊಲದ ತುಂಬ ಕಳೆ ಸೊಂಪಾಗಿ ನಿಂತಿತ್ತು. ಬದುವಿನಾಚೆ ಒಣಗುತ್ತಿದ್ದದ್ದು ಕಳೆಯೆಂದು ಕಿತ್ತೆಸೆದ ಬೀನ್ಸ್ ಗಿಡಗಳ ರಾಶಿ. ಅವಳ ಸಿಟ್ಟು ಜರ್ರನೆ ಇಳಿದುಹೋಯಿತು. ಬಾಗಿಲಲ್ಲಿ ಕೂತಿದ್ದ ಅಡೆರೊಳ ಮುಂದೆ ಹೋಗಿ ನಿಂತಳು.

"ಅಕ್ಕ, ಕಣ್ಣು ಯಾವಾಗಿಂದ ಹಿಂಗೆ?"

ಅಡೆರೊ ಮುಖ ಆಚೆ ತಿರುಗಿಸಿದಳು. "ಹೋದ ಕೊಯ್ಲಿಂದ. ಹೋಗು, ಊರಿಗೆಲ್ಲ ಡಂಗುರ ಹೊಡಿ."

"ನಂಗೇನು ಬೇರೆ ಕೆಲಸ ಇಲ್ವಾ? ಏಳು."

ಕೈಹಿಡಿದು ಅಡೆರೊಳ ಹೊಲಕ್ಕೆ ಕರೆತಂದು ಸಾಲಿನ ಮುಂದೆ ಕೂರಿಸಿ, ಅವಳ ಬೆರಳನ್ನು ಒಂದು ಕಾಂಡಕ್ಕೆ ತಾಗಿಸಿದಳು. "ನಾಲ್ಕು ಮೂಲೆ ಸಿಕ್ತಾ? ಅದು ಕಳೆ. ಗುಂಡಗಿದ್ರೆ ಬೀನ್ಸು, ಬಿಟ್ಬಿಡು."

"ನಂಗೇ ಪಾಠನಾ? ನಿಂಗೆ ಗುದ್ದಲಿ ಹಿಡಿಯೋಕೆ ಕಲಿಸಿದ್ದು ಯಾರೇ?"

"ನೀನೇ. ಅದ್ಕೇ ಇವತ್ತಿಗೂ ಸೊಟ್ಟಗೆ ಹಿಡೀತೀನಿ."

ಅಡೆರೊ ನಕ್ಕಳು. ನಗುತ್ತಲೇ ಕಾಂಡವನ್ನು ಮತ್ತೊಮ್ಮೆ ತಡವಿ ನೋಡಿ, ಬೇರುಸಮೇತ ಕಿತ್ತಳು. ಕಟ್ಟಳೆ ಮುಗಿಯಿತು.

"ಇನ್ನು ಹೋಗು, ನಿನ್ನ ಕಳೆ ಕಿತ್ಕೋ," ಎಂದವಳು ಮೆಲ್ಲಗೆ ಕೇಳಿದಳು, "ಅಪೊಂಡಿ, ನನ್ನ ಬೀನ್ಸು ಎಷ್ಟು ಉಳಿದಿದೆ?"

"ಬೇಕಾದಷ್ಟಿದೆ ಅಕ್ಕ."

ಅಡೆರೊಳ ಅಂಗೈ ಮೆಕ್ಕೆಜೋಳದ ಬುಡದಿಂದ ಬುಡಕ್ಕೆ ನೆಲ ತಡವುತ್ತ ಹೋಯಿತು. ಕಳೆ ಬಿಟ್ಟರೆ ಏನೂ ಸಿಗಲಿಲ್ಲ. ಅಪೊಂಡಿಗೆ ನೋಡಲಾಗಲಿಲ್ಲ.

"ನನ್ನ ಹೊಲದ್ದು ಇಬ್ರಿಗೂ ಆಗುತ್ತೆ," ಎಂದಳು.

ಅಡೆರೊ ಕೈಯ ಮಣ್ಣು ಒರೆಸಿಕೊಂಡು ಎದ್ದು, ಆ ಕೈಯನ್ನೇ ಚಾಚಿದಳು. "ಹಂಗಾದ್ರೆ ಹಿಡ್ಕೊ, ನಡಿ. ನಿನ್ನ ಹೊಲದ ಕಳೆಗೂ ನಾಲ್ಕೇ ಮೂಲೆ ತಾನೆ?"