ಎರಡು ಬ್ಯೂರೆಟ್, ಒಂದು ಕೆಲಸ

ಮೂರು ಕಿಲ್ನ್‌ಗಳಲ್ಲಿ ಒಂದಕ್ಕೆ ಮತ್ತೆ ಬೆಂಕಿ ಹಚ್ಚಿ ಕಾರ್ಖಾನೆ ಶುರುಮಾಡಿದ್ದಾರೆ ಎಂಬ ಸುದ್ದಿ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬರುವಷ್ಟರಲ್ಲಿ ಮೂರಕ್ಕೂ ಹಚ್ಚಿದ್ದಾರೆ ಎಂದಾಗಿತ್ತು. ನಂದಿನಿಯ ತಾಯಿ ಉಚ್ಚೆಂಗೆಮ್ಮ ಅದನ್ನು ನಂಬಿ ಓಣಿಯವರಿಗೆಲ್ಲ ಹೇಳಿಯೂಬಿಟ್ಟಳು. "ನಮ್ ನಂದಿನೀನ ಫ್ಯಾಕ್ಟ್ರಿಯವ್ರು ತಿರುಗಿ ಕರದಾರ. ಈ ಸಲ ಪರ್ಮನೆಂಟು."

ಕರೆದದ್ದು ನಿಜ. ಪರ್ಮನೆಂಟು ಎಂಬುದು ತಾಯಿಯೇ ಸೇರಿಸಿದ ಮಾತು.

ಅದು ಬಳ್ಳಾರಿಯ ಹೊರಗಿದ್ದ, ಉಕ್ಕಿಗೆ ಬೇಕಾದ ಸ್ಪಾಂಜ್ ಐರನ್ ತಯಾರಿಸುವ ಕಾರ್ಖಾನೆ. ಅದಿರನ್ನು ಕಲ್ಲಿದ್ದಲಿನ ಜೊತೆ ಕಾಯಿಸುವ ಉದ್ದನೆಯ ತಿರುಗುಗೂಡುಗಳಿಗೆ ಅಲ್ಲಿ ಕಿಲ್ನ್ ಎನ್ನುತ್ತಾರೆ. ಉಕ್ಕಿನ ದರ ಬಿದ್ದಾಗ ಅವು ಒಂದೊಂದಾಗಿ ತಣ್ಣಗಾದವು, ಪ್ರಯೋಗಾಲಯದವರು ಒಬ್ಬೊಬ್ಬರಾಗಿ ಮನೆಗೆ ಹೋದರು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ನಂದಿನಿ ಆಮೇಲೆ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳಿದಳು. ಅಲ್ಲಿ ಪರೀಕ್ಷೆ ಮುಗಿದ ಕೂಡಲೇ ಸಂಬಳವೂ ಮುಗಿಯುತ್ತಿತ್ತು. ಅವಳ ಜೊತೆಗಾರ, ಕುರುಗೋಡಿನ ದುರ್ಗೇಶ್, ಜೀನ್ಸ್ ಗೋದಾಮೊಂದರಲ್ಲಿ ಪ್ಯಾಂಟಿನ ಬಂಡಲ್ ಕಟ್ಟಿದ. ಚೇತರಿಕೆ ಎಂಬ ಪದ ಪತ್ರಿಕೆಗಳಲ್ಲಿ ಕಾಣತೊಡಗಿ ಬಹಳ ದಿನಗಳಾಗಿದ್ದವು. ಅದು ಯಾರ ಮನೆಗೆ ಬಂದಿತ್ತೋ ಇಬ್ಬರಿಗೂ ತಿಳಿದಿರಲಿಲ್ಲ.

ಈಗ ಇಬ್ಬರನ್ನೂ ಕರೆಸಿದ್ದರು. ಪ್ರಯೋಗಾಲಯದ ಮುಖ್ಯಸ್ಥ ಚನ್ನಬಸವರಾಜ ಮೊದಲ ದಿನವೇ ವಿಷಯ ಬಿಡಿಸಿ ಹೇಳಿದರು. "ಒಂದು ಕಿಲ್ನಿಗೆ ಒಬ್ಬ ಕೆಮಿಸ್ಟಿನ ಮಂಜೂರಿ ಐತಿ. ಒಂದು ತಿಂಗಳು ಇಬ್ರೂ ಇರ್ರಿ. ಸ್ಯಾಂಪಲ್ ಒಂದ, ಆದ್ರ ಇಬ್ರೂ ಬ್ಯಾರೆ ಬ್ಯಾರೆ ಟೆಸ್ಟ್ ಮಾಡ್ರಿ. ಆಮ್ಯಾಲ ಮಾಲಕರು ನೋಡ್ತಾರ."

"ಎರಡನೇ ಕಿಲ್ನ್ ಯಾವಾಗ ಹಚ್ತೀರಿ ಸರ್?" ನಂದಿನಿ ಕೇಳಿದಳು.

"ಆರ್ಡರ್ ಬಂದ್ರ."

"ಆರ್ಡರ್ ಯಾವಾಗ ಬರ್ತಾವ್ರಿ?" ದುರ್ಗೇಶ್ ಕೇಳಿದ.

"ಅದು ನನಗ ಗೊತ್ತಿದ್ರ ನಾ ಯಾಕ ಇಲ್ಲಿ ಕುಂದರ್ತಿದ್ದೆ?"

ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಕಂಡುಹಿಡಿಯುವುದು ಕೆಲಸ. ಅದಿರು ಮಾರಿದವರಿಗೆ ಎಷ್ಟು ಹಣ ಕೊಡಬೇಕೆಂಬುದು ಅದರ ಮೇಲೆಯೇ ತೀರ್ಮಾನವಾಗುತ್ತಿತ್ತು. ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಬ್ಯೂರೆಟ್ ಎಂಬ ಅಳತೆಗೆರೆಗಳ ಗಾಜಿನ ಕೊಳವೆಯಿಂದ ಡೈಕ್ರೋಮೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ ಹಸಿರು ದ್ರಾವಣ ಒಂದು ಹನಿಗೆ ನೇರಳೆಯಾಗುತ್ತದೆ. ಆ ಒಂದು ಹನಿಯನ್ನು ಹಿಡಿಯುವುದರಲ್ಲಿ ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಮೊದಲ ದಿನ ಅವಳಿಗೆ ಶೇಕಡಾ 62.38 ಬಂತು, ಅವನಿಗೆ 62.52.

ಸಂಜೆ ಕಾರ್ಖಾನೆಯ ಜೀಪಿನಲ್ಲಿ ದುರ್ಗೇಶ್ ಅವಳ ಪಕ್ಕಕ್ಕೆ ಸರಿದ. "ಮೇಡಂ, ನಾಳಿಂದ ಇಬ್ರೂ ಒಂದ ನಂಬರ್ ಬರಿಯೋಣು. ಯಾರನ್ನ ಬಿಡಬೇಕಂತ ಅವರಿಗೂ ತಿಳೀಬಾರದು."

"ನಕಲು ಹೊಡಿಯೋದೇನು ದುರ್ಗೇಶಣ್ಣ? ಎಂ.ಎಸ್ಸಿ. ಮಾಡಿ?"

"ಎಂ.ಎಸ್ಸಿ. ಮಾಡೇ ಪ್ಯಾಂಟ್ ಎಣಿಸೀನಿ. ನೀವು ಎಣಿಸಿದ್ರ ತಿಳೀತಿತ್ತು."

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಅವಳು ಅದನ್ನೇ ತಿರುವಿ ಹಾಕಿದಳು. ಅವನ ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅವಳನ್ನು ಉಳಿಸಿಕೊಂಡರೆ ಅವನು ಗೋದಾಮಿಗೆ, ಅವನನ್ನು ಉಳಿಸಿಕೊಂಡರೆ ಅವಳು ಅದೇ ಕಾಲೇಜಿಗೆ. ನಕಲು ಮಾಡುವುದು ಅವಳಿಂದ ಆಗದ ಮಾತು. ಆದರೆ ಸರಾಸರಿ? ಸ್ವತಂತ್ರವಾಗಿ ಮಾಡಿದ ಎರಡು ಅಳತೆಗಳ ಸರಾಸರಿ ಒಂದೇ ಅಳತೆಗಿಂತ ಹೆಚ್ಚು ನಂಬಿಕೆಗೆ ಯೋಗ್ಯ ಎಂಬುದನ್ನು ಅವಳೇ ತರಗತಿಯಲ್ಲಿ ಹಲವು ಸಲ ಹೇಳಿದ್ದಳು. ಅದು ಸುಳ್ಳಲ್ಲ. ಸತ್ಯಕ್ಕೆ ಇನ್ನಷ್ಟು ಹತ್ತಿರದ್ದು.

ಮರುದಿನದಿಂದ ಇಬ್ಬರೂ ತಮ್ಮ ತಮ್ಮ ಪ್ರಯೋಗವನ್ನು ಪ್ರಾಮಾಣಿಕವಾಗಿ ಮಾಡಿ, ಕೊನೆಗೆ ಸರಾಸರಿ ತೆಗೆದು ಅದನ್ನೇ ಇಬ್ಬರ ವರದಿಯಲ್ಲೂ ಬರೆದರು. "ಅನುಮಾನ ಬರಬಾರದಂದ್ರ ಒಂದೊಂದ್ಸಲ ಕೊನೀ ಅಂಕಿ ಸ್ವಲ್ಪ ಹಿಂದ ಮುಂದ ಮಾಡೋಣೇನು?" ಎಂದು ದುರ್ಗೇಶ್ ಒಮ್ಮೆ ಕೇಳಿದ. ನಂದಿನಿ ಒಪ್ಪಲಿಲ್ಲ. ಬಾರದ ಅಂಕಿಯನ್ನು ಬರೆಯುವುದು ಸುಳ್ಳು ಲೆಕ್ಕ ಎಂದಳು.

ತಿಂಗಳ ಕೊನೆಗೆ ಚನ್ನಬಸವರಾಜ ಇಬ್ಬರನ್ನೂ ಕರೆದು ವರದಿಗಳನ್ನು ಮೇಜಿನ ಮೇಲೆ ಹರಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಹಲ್ಲುನೋವಿದ್ದವರಂತೆ ಕೆನ್ನೆ ಹಿಡಿದುಕೊಂಡಿದ್ದರು.

"ಇಷ್ಟು ವರ್ಷ ಲ್ಯಾಬಿನ್ಯಾಗ ಅದೀನಿ. ಎರಡು ಬ್ಯೂರೆಟ್ಟು ದಿನಾ ಎರಡನೇ ದಶಮಾಂಶದ ತನಕ ಒಂದ ಹೇಳಿದ್ದು ನಾ ಎಲ್ಲೂ ಕಂಡಿಲ್ಲ. ಏನು ಮಾಡೀರಿ?"

ನಂದಿನಿ ಸರಾಸರಿಯ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ, ತರಗತಿಯಲ್ಲಿ ಅಷ್ಟು ಗಟ್ಟಿಯಾಗಿ ಕೇಳಿಸುತ್ತಿದ್ದ ವಾದ ಈ ಕೋಣೆಯಲ್ಲಿ ತೆಳ್ಳಗಾಗುತ್ತಿರುವುದು ಅವಳಿಗೇ ತಿಳಿಯಿತು.

"ಒಂದ ನಂಬರ್ ಬರಿಯೋ ಐಡಿಯಾ ನಂದು ಸರ್," ಎಂದ ದುರ್ಗೇಶ್.

"ಯಾರದರ ಇರ್ಲಿ." ಚನ್ನಬಸವರಾಜ ಉಸಿರು ಬಿಟ್ಟರು. "ನಾ ಏನ್ ಮಾಡಬೇಕಂತ ಇದ್ದೆ ಕೇಳ್ರಿ. ನಿಮ್ಮಿಬ್ಬರ ನಡುವ ಬರೋ ವ್ಯತ್ಯಾಸ ಮಾಲಕರಿಗೆ ತೋರಿಸಿ, ಇಷ್ಟು ಫರಕು ಬರ್ತೈತಿ, ಅದಿರಿನ ಬಿಲ್ಲು ಒಬ್ಬರ ಕೈ ನಂಬಿ ಕೊಡಾಕ ಆಗಂಗಿಲ್ಲ, ಎರಡನೇ ಕೆಮಿಸ್ಟ್ ಬೇಕ ಬೇಕು ಅಂತ ಕೇಳೋನಿದ್ದೆ. ಅವರು ನಿಮ್ಮ ರಿಪೋರ್ಟ್ ನೋಡಿ ಒಂದ ಮಾತು ಹೇಳಿದ್ರು. ಇಬ್ಬರದೂ ಒಂದ ಬರ್ತೈತಂದ್ರ ಇಬ್ಬರಿಗ್ಯಾಕ ಪಗಾರ?"

"ಮೊದಲ ಹೇಳಬೇಕಿತ್ತಲ್ಲ ಸರ್," ಎಂದಳು ನಂದಿನಿ.

"ಹೇಳಿದ್ರ ನೀವು ಬೇಕಂತ ವ್ಯತ್ಯಾಸ ತರ್ತಿದ್ರಿ."

ನಂದಿನಿ ಮೇಜಿನ ಮೇಲೆ ಹರಡಿದ್ದ ವರದಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು.

"ದುರ್ಗೇಶ ಇರ್ಲಿ," ಎಂದರು ಅವರು, ಕಿಟಕಿಯ ಕಡೆ ನೋಡುತ್ತ. "ರಾತ್ರಿ ಪಾಳೀನೂ ಒಬ್ಬರ ನೋಡಬೇಕಾಗ್ತದ."

"ನಾನೂ ನೋಡ್ತೀನಿ ಸರ್."

"ನೀವು ನೋಡ್ತೀರವ್ವ. ಆದ್ರ ಹೆಣ್ಮಕ್ಕಳಿಗೆ ಹೋಗಾಕ ಬರಾಕ ಗಾಡಿ ಬಿಡಬೇಕು. ಒಂದು ಕಿಲ್ನಿಗೆ ಇನ್ನೊಂದು ಗಾಡಿ ಅಂದ್ರ ಅವರು ನನ್ನೂ ಮನಿಗೆ ಕಳಸ್ತಾರ. ಎರಡನೇದು ಹಚ್ಚಿದ ದಿನ ಮೊದಲ ಫೋನು ನಿಮಗ."

ನಂದಿನಿ ದುರ್ಗೇಶನ ಕಡೆ ನೋಡಿದಳು. ಐಡಿಯಾ ತನ್ನದೆಂದವನು, ಹಾಗಾದರೆ ತಾನೇ ಹೋಗುತ್ತೇನೆ ಎನ್ನಲಿಲ್ಲ. ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತ. ಅವನ ಜಾಗದಲ್ಲಿದ್ದರೆ ತಾನೂ ಅಷ್ಟೇ ಮಾಡುತ್ತಿದ್ದೆ ಎಂದು ಗೊತ್ತಿದ್ದರೂ ಅವಳು ಅವನಿಂದ ಮುಖ ತಿರುಗಿಸಿದಳು.

"ಒಬ್ಬರ ಆದ್ರ ಅವರ ಅಳತಿ ಸರಿ ಐತೋ ಇಲ್ಲೋ ಯಾರು ನೋಡ್ತಾರ?" ಎಂದಳು.

"ವಾರಕ್ಕೊಂದು ಸ್ಯಾಂಪಲ್ ಗಾಂಧಿನಗರದ ಗಾದಿಲಿಂಗಪ್ಪನ ಲ್ಯಾಬಿಗೆ ಕಳಸ್ರಿ ಅಂದಾರ. ಅದು ಅಗ್ಗ."

ಜೀಪು ಅವಳನ್ನು ಬಳ್ಳಾರಿ ಊರೊಳಗೆ ಇಳಿಸಿದಾಗ ಇನ್ನೂ ಬಿಸಿಲಿತ್ತು. ಬಸ್ ನಿಲ್ದಾಣದ ಕಡೆ ನಾಲ್ಕು ಹೆಜ್ಜೆ ಇಟ್ಟವಳು ತಿರುಗಿ ಗಾಂಧಿನಗರಕ್ಕೆ ಆಟೊ ಹಿಡಿದಳು.

ಗಾದಿಲಿಂಗಪ್ಪನ ಪ್ರಯೋಗಾಲಯ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಒಂದು ಉದ್ದ ಮೇಜು, ಅದರ ಮೇಲೆ ಕವರು ಹಾಕಿದ ಯಂತ್ರಗಳು. ಗಾದಿಲಿಂಗಪ್ಪ ಒಬ್ಬರೇ ಕೂತು ಪತ್ರಿಕೆ ಓದುತ್ತಿದ್ದರು. ಕೆಲಸ ಬೇಕೆಂಬ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ಮೊದಲು ನಾಲ್ಕು ಮಂದಿ ಇದ್ರವ್ವ ಇಲ್ಲಿ. ಈಗ ಮಾಲಕನೂ ನಾನ, ಕಸ ಹೊಡಿಯಾವನೂ ನಾನ. ಫ್ಯಾಕ್ಟ್ರಿ ಸ್ಯಾಂಪಲ್ ಬರಾಕ ಹತ್ತಿದ್ರ ಮಂದಿ ತಗೋತೀನಿ."

"ಬರ್ತಾವ್ರಿ. ಮುಂದಿನ ವಾರದಿಂದ."

"ನಿಮಗ ಹ್ಯಾಂಗ ಗೊತ್ತು?"

"ನನ್ನ ಬಿಡಿಸಿದ್ದಕ್ಕ ಬರ್ತಾವ್ರಿ. ನಾ ಮಾಡತಿದ್ದ ಕೆಲಸ ಅದು."

ಅವರು ಪತ್ರಿಕೆ ಮಡಚಿ ಅವಳನ್ನು ಸರಿಯಾಗಿ ನೋಡಿದರು. ನಗುವೊಂದು ಬಂದು ಅರ್ಧಕ್ಕೇ ನಿಂತಿತು. "ವಾರಕ್ಕ ಒಂದು ಸ್ಯಾಂಪಲಿಗೆ ಪಗಾರ ಕೊಡಾಕ ಆಗಂಗಿಲ್ಲವ್ವ. ಸ್ಯಾಂಪಲ್ ಲೆಕ್ಕದಾಗ ಕೊಡ್ತೀನಿ. ಬಂದ ದಿನ ಫೋನ್ ಮಾಡ್ತೀನಿ, ಬರ್ರಿ."

"ನೀವು ಫೋನ್ ಮಾಡಿದ ಮ್ಯಾಲ ನಾ ಸಿರುಗುಪ್ಪದಿಂದ ಬರಾದ್ರಾಗ ನೀವ ಮಾಡಿ ಮುಗಿಸಿರ್ತೀರಿ. ಸೋಮವಾರ ನಾನ ಬಂದು ಕುಂದರ್ತೀನಿ."

"ಕುಂದರ್ರಿ, ಕುರ್ಚಿ ಖಾಲಿ ಅದಾವು. ಆದ್ರ ಸ್ಯಾಂಪಲ್ ಬರಲಿಲ್ಲಂದ್ರ ದಿನಗೂಲಿ ಕೇಳಬ್ಯಾಡ್ರಿ."

"ಕೇಳಂಗಿಲ್ರಿ," ಎಂದಳು ನಂದಿನಿ. ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು, ಮೆಟ್ಟಿಲಿಳಿಯುವಾಗ ಚಪ್ಪಲಿಯನ್ನು ಬೇಕಿದ್ದಕ್ಕಿಂತ ಜೋರಾಗಿ ಬಡಿದಳು.