ಮುತ್ತಿನ ದಾರ

ಹುಣ್ಣಿಮೆಯ ಹಿಂದಿನ ದಿನ ಶಶಿರೇಖಾ ಪಕ್ಕದ ಮನೆಯ ಕುಬ್ರಾಬಿಯ ಹಿತ್ತಲಿಗೆ ಓಡಿಬಂದಳು. ತಲೆಗೆ ಹೊದ್ದಿದ್ದ ವೇಲು ಸರಿಸಿ, ಬೆನ್ನು ಮಾಡಿ ಕೂತಳು. ಕತ್ತಿನ ಹಿಂದೆ ಕೂದಲು ಗಂಟುಗಟ್ಟಿ ಹಗ್ಗದ ತುಂಡಿನಂತಾಗಿತ್ತು. ಅದರ ಮೇಲೆ ಅಜ್ಜಿ ಮಾರೆಮ್ಮ ಹಚ್ಚಿದ ಅರಿಶಿನ ಒಣಗಿ ಬಿರುಕು ಬಿಟ್ಟಿತ್ತು.

"ಬೂಬಮ್ಮ, ಅಜ್ಜಿ ನಾಳೆ ಸಿರುಗುಪ್ಪಕ್ಕ ಕರ್ಕೊಂಡು ಹೋಗ್ತಾಳ. ಅಲ್ಲಿ ಮುತ್ತು ಕಟ್ಟಸ್ತಾಳಂತ."

ಮುತ್ತು ಕಟ್ಟುವುದೆಂದರೇನು ಎಂದು ಕುರುಗೋಡಿನಲ್ಲೇ ಹುಟ್ಟಿದ ಕುಬ್ರಾಬಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಡುಗಿ ದೇವಿಯ ಪಾಲಾಗುತ್ತಾಳೆ. ಆಮೇಲೆ ಅವಳಿಗೆ ಮದುವೆಯಿಲ್ಲ, ಸಾಲೆಯಿಲ್ಲ, ಬೇಡ ಅನ್ನುವ ಬಾಯಿಯೂ ಇಲ್ಲ. ಸರಕಾರ ಕೂಡದೆಂದರೂ ಬಾಗಿಲು ಮುಚ್ಚಿಕೊಂಡು ಕಟ್ಟುವವರು ಇನ್ನೂ ಇದ್ದರು. ಮಾರೆಮ್ಮನ ಕೊರಳಲ್ಲೂ ಆ ಕೆಂಪು ಬಿಳಿ ಮಣಿಗಳಿದ್ದವು.

ಶಶಿಯ ಅವ್ವ ಪಾರಮ್ಮ ಮನೆಯಲ್ಲಿದ್ದಾಗ ದಿನಾ ಬೆಳಿಗ್ಗೆ ಮಗಳನ್ನು ಮೊಳಕಾಲ ನಡುವೆ ಕೂರಿಸಿಕೊಂಡು ಹೆರಳು ಹಾಕುತ್ತಿದ್ದಳು. ಅದಿರಿಗೆ ಬೆಲೆ ಬಂದು ಗುಡ್ಡಗಳಿಗೆ ಆಳು ಸಾಲದಾದಾಗ ಅವಳೂ ಗಂಡನ ಜೊತೆ ಕಲ್ಲು ಒಡೆಯಲು ಹೋದಳು. ಮಗಳ ಕೈಗೆ ಬಾಚಣಿಗೆ ಬಂತು, ಹೆರಳು ಹಾಕುವುದು ಬರಲಿಲ್ಲ. ಮುಂದಿನ ಕೂದಲನ್ನಷ್ಟೇ ಬಾಚಿ, ಹಿಂದಿನದನ್ನು ಸುತ್ತಿ ಕಟ್ಟಿಕೊಂಡು ಸಾಲೆಗೆ ಹೋದಳು. ಹಾದಿಯ ತುಂಬ ಅದಿರಿನ ಲಾರಿಗಳು. ಕೆಂಪು ದೂಳು ಬೆವರಿಗೆ ಅಂಟಿ ಕೂದಲು ಜಡ್ಡುಗಟ್ಟಿತು. ಅಜ್ಜಿ ಆ ಜಟೆಯಲ್ಲಿ ಕಂಡದ್ದು ದೂಳನ್ನಲ್ಲ, ದೇವಿಯನ್ನು. ತಾಯಿ ಬಂದಾಳ ಎಂದು ಕೈಮುಗಿದು, ಬಾಚಣಿಗೆ ಕಸಿದುಕೊಂಡು ಸೂರಿಗೆ ಸಿಕ್ಕಿಸಿದಳು.

ಕುಬ್ರಾಬಿ ಕತ್ತರಿ ತಂದಳು. ಶಶಿ ಅವಳ ಕೈ ಹಿಡಿದುಕೊಂಡಳು.

"ಬ್ಯಾಡ. ಕತ್ತರಿಸಿದ್ರ ಅವ್ವನ ಮ್ಯಾಲ ಗುಡ್ಡ ಕುಸಿತೈತಂತ."

 ಕುಬ್ರಾಬಿ ಕತ್ತರಿ ಒಳಗಿಟ್ಟು, ಕೊಬ್ಬರಿ ಎಣ್ಣೆಯ ಬಾಟಲಿಯನ್ನೂ ಚೀಲ ಹೊಲಿಯುವ ದಬ್ಬಳವನ್ನೂ ತಂದಳು. ತುದಿಯಿಂದ ಮೇಲಕ್ಕೆ ಎಳೆ ಎಳೆಯಾಗಿ ಬಿಡಿಸಿದಳು. ಶಶಿ ವೇಲಿನ ಅಂಚು ಕಚ್ಚಿಕೊಂಡು ಕೂತಳು. ತಲೆ ತೊಳೆದಾಗ ಬಚ್ಚಲಲ್ಲಿ ಇಟ್ಟಂಗಿ ಬಣ್ಣದ ನೀರು ಹರಿಯಿತು.

ತಾನು ಹೆರಳು ಹಾಕಿದರೆ ಒಂದು ದಿನಕ್ಕಾಯಿತು, ನಾಳೆ ಮತ್ತೆ ಗಂಟಾದರೆ ಅಜ್ಜಿಗೆ ಅಷ್ಟೇ ಸಾಕು, ಶಶಿಯ ಕೈಗೇ ಬರಬೇಕು ಅಂದಳು ಕುಬ್ರಾಬಿ. ಬಳ್ಳಾರಿಯ ಜೀನ್ಸ್ ಹೊಲಿಯುವ ಷೆಡ್ಡಿನಲ್ಲಿದ್ದಾಗ, ಕೂದಲು ಮಶೀನಿಗೆ ಸಿಗಬಾರದೆಂದು ನಡೆದುಕೊಂಡೇ ಹೆರಳು ಹಾಕಿಕೊಳ್ಳುತ್ತಿದ್ದವಳು ಅವಳು.

ಶಶಿ ಕನ್ನಡಿ ಎದುರಿಟ್ಟುಕೊಂಡಳು. ಬಲಕ್ಕೆ ಹೋಗಬೇಕಾದ ಕೈ ಎಡಕ್ಕೆ ಹೋಯಿತು. ಮೂರು ಎಳೆ ಎರಡಾದವು, ತೋಳು ಜೋಮು ಹಿಡಿಯಿತು. ಬಿಚ್ಚಿದಳು, ಹಿಡಿದಳು, ಮತ್ತೆ ಬಿಚ್ಚಿದಳು.

"ಎಮ್ಮಿ ಬಾಲ ಆತು ನೋಡು," ಎಂದು ಕುಬ್ರಾಬಿ ನಕ್ಕಳು.

ಶಶಿ ನಗಲಿಲ್ಲ. ಮೆಣಸಿನಕಾಯಿ ಹೊಲದಿಂದ ಅಜ್ಜಿ ಬರುವ ಹೊತ್ತಾಗಿತ್ತು. "ನನ್ನ ಕೈಗೆ ಬರಂಗಿಲ್ಲ ಬೂಬಮ್ಮ. ದೇವಿ ನನ್ನ ಬಿಡವಲ್ಲಳು."

ಕುಬ್ರಾಬಿ ಕನ್ನಡಿಯನ್ನು ಬೋರಲು ಹಾಕಿದಳು. "ಕಣ್ಣು ಮುಚ್ಚು. ಬಲಗಡೀದು ನಡಕ್ಕ, ಎಡಗಡೀದು ನಡಕ್ಕ. ಬಾಯಿಲೆ ಅನ್ನು, ಕೈ ಹಿಂದ ಬರತೈತಿ."

ಮಠದಲ್ಲಿ ಪುರಾಣ ಓದುವವರ ಧಾಟಿಯಲ್ಲಿ ಶಶಿ ಅದನ್ನೇ ಅನ್ನುತ್ತಾ ಹೋದಳು. ಹೊತ್ತು ಇಳಿಯುವಷ್ಟರಲ್ಲಿ ಸೊಟ್ಟಗಿನದೊಂದು ಹೆರಳು ಬೆನ್ನ ಮೇಲಿತ್ತು. ಅದು ಕಾಣದಂತೆ ವೇಲು ಹೊದ್ದುಕೊಂಡು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಮಾರೆಮ್ಮ ಬುಟ್ಟಿಯಲ್ಲಿ ಕಾಯಿ, ಕುಂಕುಮ, ಮುತ್ತು ಪೋಣಿಸುವ ಅರಿಶಿನದ ದಾರ ಇಟ್ಟುಕೊಂಡು ಮೊಮ್ಮಗಳ ಜೊತೆ ಬಸ್‌ಸ್ಟ್ಯಾಂಡಿನ ಕಟ್ಟೆಗೆ ಬಂದಳು. ದೇವಿಯ ಜಟೆಗೆ ಇನ್ನೊಮ್ಮೆ ಕುಂಕುಮ ಇಡಲೆಂದು ಅವಳ ವೇಲು ಸರಿಸಿದಳು. ಕೈ ಅಲ್ಲೇ ನಿಂತಿತು.

"ಯಾರು ಮುಟ್ಟಿದ್ರು?"

"ಬೂಬಮ್ಮ ಬಿಡಿಸಿದ್ಲು. ಹೆರಳು ನಾನಽ ಹಾಕ್ಕೊಂಡೀನಿ. ಒಂದು ಕೂದಲಾನೂ ಕತ್ತರಿಸಿಲ್ಲ ಅಜ್ಜಿ."

ಮಾರೆಮ್ಮ ಹೆರಳು ಬಿಚ್ಚಿ, ಬುಡದಿಂದ ತುದಿಯವರೆಗೆ ಬೆರಳಾಡಿಸಿ ಹುಡುಕಿದಳು. ಬೆರಳು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಸಿರುಗುಪ್ಪದ ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು.

"ನನ್ನೆದುರು ಹಾಕು," ಅಂದಳು ಅಜ್ಜಿ. "ದೇವಿಗೆ ನೀ ಬೇಕಾಗಿದ್ರ ನಿನ್ನ ಕೈ ನಡ್ಯಂಗಿಲ್ಲ."

ಶಶಿ ಕಟ್ಟೆಯ ಮೇಲೆ ಕೂತು ಕೂದಲನ್ನು ಮೂರು ಎಳೆ ಮಾಡಿದಳು. ಕಂಡಕ್ಟರ್ ಕೂಗುತ್ತಿದ್ದ. ಮೊದಲ ಎಳೆ ಜಾರಿತು. ಅಜ್ಜಿ ಬುಟ್ಟಿ ಎತ್ತಿಕೊಂಡಳು. ಶಶಿ ಕಣ್ಣು ಮುಚ್ಚಿದಳು. ಬಲಗಡೀದು ನಡಕ್ಕ. ಎಡಗಡೀದು ನಡಕ್ಕ. ತೋಳು ಉರಿಯಿತು. ಬೆನ್ನಿಗೆ ಕೈ ಎಟುಕದಾದಾಗ ಕೂದಲನ್ನು ಹೆಗಲ ಮೇಲಿಂದ ಮುಂದಕ್ಕೆ ಎಳೆದುಕೊಂಡಳು, ತುಟಿ ಅಲುಗುವುದನ್ನು ಬಿಡಲಿಲ್ಲ. ಬಸ್ಸಿನ ಸದ್ದು ದೂರಾಯಿತು.

ಕಣ್ಣು ತೆರೆದಾಗ ಹೆರಳಿನ ತುದಿ ಅವಳ ಮುಷ್ಟಿಯಲ್ಲಿತ್ತು. ಕಟ್ಟಲು ಏನೂ ಇರಲಿಲ್ಲ. ಬಿಡಲು ಧೈರ್ಯವೂ ಇರಲಿಲ್ಲ.

ಮಾರೆಮ್ಮ ತನ್ನ ಕೊರಳ ಮಣಿ ಹಿಡಿದುಕೊಂಡು ಆ ಮುಷ್ಟಿಯನ್ನು ನೋಡಿದಳು. ಆಮೇಲೆ ಬುಟ್ಟಿಯೊಳಗಿನ ಅರಿಶಿನದ ದಾರವನ್ನು ಹುಡುಗಿಯ ಮಡಿಲಿಗೆ ಎಸೆದಳು.

"ಕಟ್ಟಿಕೋ. ನಾಳೆ ಮತ್ತ ನೋಡತೀನಿ."