ಮೂರು ಊರು, ಮೂರು ಪ್ಲಗ್ಗು

ನೆತ್ತರ ನೆಂಟರ ಬಳಗದ ಹಳೆಯ ಕಂಪ್ಯೂಟರ್ ಇದ್ದದ್ದು ಪುತ್ತೂರಿನಲ್ಲಿ, ಬಳಗದ ಅಧ್ಯಕ್ಷ ಪ್ರೇಮನಾಥ ರೈಗಳ ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಪೈಂಟ್ ಡಬ್ಬಗಳ ನಡುವೆ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನಲ್ಲಿ ರಕ್ತ ಕೊಡಲು ಒಪ್ಪಿದವರ ಹೆಸರು, ರಕ್ತದ ಗುಂಪು, ಊರು, ಫೋನ್ ನಂಬರು, ಹಿಂದಿನ ಸಲ ಕೊಟ್ಟ ದಿನ ಎಲ್ಲವೂ ಆ ಒಂದು ಪೆಟ್ಟಿಗೆಯೊಳಗಿತ್ತು. ಯಾವ ಆಸ್ಪತ್ರೆಯಿಂದ ಫೋನ್ ಬಂದರೂ ಬಳಗದ ಕಾರ್ಯಕರ್ತರು ತಮ್ಮ ಮೊಬೈಲಿನಲ್ಲಿ ಪಟ್ಟಿ ತೆರೆದು, ಹತ್ತಿರದವರನ್ನು ಹುಡುಕಿ ಕಳಿಸುತ್ತಿದ್ದರು. ಗುಡುಗು ಬಂದಾಗ ಮಾತ್ರ ಪಟ್ಟಿ ತೆರೆಯುತ್ತಿರಲಿಲ್ಲ.

ಈ ಕಡೆಯವರಿಗೆ ಗುಡುಗು ಎಂದರೆ ಮೊದಲು ನೆನಪಾಗುವುದು ಕೊಡೆಯಲ್ಲ, ಪ್ಲಗ್ಗು. ಎಪ್ರಿಲ್ ಬಂತೆಂದರೆ ಮಧ್ಯಾಹ್ನ ಊಟ ಮುಗಿಯುವಷ್ಟರಲ್ಲಿ ಘಟ್ಟದ ಕಡೆ ಆಕಾಶ ಕಪ್ಪಾಗುತ್ತದೆ. ಮೊದಲ ಸದ್ದು ಕೇಳಿದ್ದೇ ತಡ, ಮನೆಮನೆಯಲ್ಲೂ ಯಾರಾದರೊಬ್ಬರು ಎದ್ದು ಟಿವಿಯದ್ದು, ಫ್ರಿಜ್ಜಿನದ್ದು, ಮೋಡೆಮ್ಮಿನದ್ದು ಎಂದು ಪ್ಲಗ್ಗುಗಳನ್ನು ಒಂದೊಂದಾಗಿ ಕೀಳುತ್ತಾರೆ. ಕರೆಂಟು ಹೋದರೆ ಇನ್ವರ್ಟರ್ ನೋಡಿಕೊಳ್ಳುತ್ತದೆ, ಆದರೆ ತಂತಿಯಲ್ಲಿ ಇಳಿದು ಬರುವ ಸಿಡಿಲಿನ ಮುಂದೆ ಇನ್ವರ್ಟರ್ ಯಾವ ಲೆಕ್ಕ? ಪ್ರೇಮನಾಥ ರೈಗಳೂ ಅದನ್ನೇ ಮಾಡುತ್ತಿದ್ದರು. ಮಳೆ ನಿಲ್ಲುವವರೆಗೆ ಮೂರು ತಾಲೂಕಿನ ಯಾರಿಗೂ ರಕ್ತ ಬೇಕಾಗಬಾರದು, ಅಷ್ಟೆ.

ಒಂದು ಮೇ ತಿಂಗಳಲ್ಲಿ ಬೇಕಾಯಿತು. ಹೇಗೋ ಅವರಿವರಿಗೆ ಫೋನ್ ಮಾಡಿ ದಾಟಿಕೊಂಡರು. ಮಹಾಸಭೆಯಲ್ಲಿ ಸುಳ್ಯದ ಕುಕ್ಕಪ್ಪ ಮಾಸ್ಟ್ರು ಎದ್ದುನಿಂತು, "ಮೂರು ತಾಲೂಕಿನವರ ಜೀವ ಒಂದೇ ಪ್ಲಗ್ಗಿನಲ್ಲಿ ನೇತಾಡುದು ಸರಿಯಾ?" ಎಂದು ಕೇಳಿದರು. ಪ್ರೇಮನಾಥ ರೈಗಳಿಗೆ ಅದು ತಮ್ಮ ಪ್ಲಗ್ಗಿಗೆ ಹೇಳಿದ ಹಾಗಲ್ಲ, ತಮಗೇ ಹೇಳಿದ ಹಾಗೆ ಕೇಳಿಸಿತು. ಸಭೆ ಬಿಸಿಯಾಗುವ ಮೊದಲೇ ದೀಕ್ಷಿತಾ ಬಾಯಿ ಹಾಕಿದಳು.

ದೀಕ್ಷಿತಾ ಪುತ್ತೂರಿನ ದರ್ಬೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವಳು. ಸಿಡಿಲಿಗೆ ಸುಟ್ಟ ಮೋಡೆಮ್ಮುಗಳೇ ಅವಳ ಅಂಗಡಿಯ ಅರ್ಧ ಅನ್ನ. ಬಳಗದ ಕಂಪ್ಯೂಟರ್ ಕೆಲಸವೆಲ್ಲ ಅವಳದ್ದೇ, ಬಿಟ್ಟಿ. ಒಂದರ ಬದಲು ಮೂರು ಕಂಪ್ಯೂಟರ್ ಇಡುವ, ಊರಿಗೊಂದು, ಎಂದಳು. ಮೂರರಲ್ಲೂ ಪೂರ್ತಿ ಪಟ್ಟಿ ಇರುತ್ತದೆ, ಒಂದರಲ್ಲಿ ಬರೆದದ್ದು ಉಳಿದೆರಡಕ್ಕೂ ಆ ಕ್ಷಣವೇ ಹೋಗುತ್ತದೆ. ಮೂರರಲ್ಲಿ ಎರಡು ಎಚ್ಚರವಿದ್ದರೆ ಸಾಕು, ಪಟ್ಟಿ ತೆರೆಯುತ್ತದೆ. ಒಂದೇ ಎಚ್ಚರವಿದ್ದರೆ ಮಾತ್ರ ತೆರೆಯುವುದಿಲ್ಲ. ಉಳಿದೆರಡರಲ್ಲಿ ಏನು ಬರೆದಿದ್ದಾರೋ ಅದಕ್ಕೆ ಗೊತ್ತಿಲ್ಲವಲ್ಲ, ನಿನ್ನೆ ರಕ್ತ ಕೊಟ್ಟು ಮಲಗಿದವನನ್ನೇ ಇವತ್ತು ಎಬ್ಬಿಸಿ ಕಳಿಸಿಬಿಟ್ಟರೆ? ದೂರದ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಬಾಡಿಗೆಗೆ ಇಡಬಹುದೆಂದೂ ಹೇಳಿ ನೋಡಿದಳು. "ನಮ್ಮ ಊರಿನವರ ನಂಬರು ಕಂಡವರ ಕೈಯಲ್ಲಿ ಎಂತಕ್ಕೆ?" ಎಂದು ಸಭೆ ಒಂದೇ ದನಿಯಲ್ಲಿ ಕೇಳಿತು. ಆ ಬಳಗ ಒಂದೇ ದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ.

ಪಟ್ಟಿಯನ್ನು ಹಳೆಯ ಪೆಟ್ಟಿಗೆಯಿಂದ ಹೊಸದಕ್ಕೆ ದಾಟಿಸುವುದು ಅವಳು ಎಣಿಸಿದಷ್ಟು ಸುಲಭವಾಗಲಿಲ್ಲ. ತೀರಿಹೋದ ಎಷ್ಟೋ ಮಂದಿ ಅದರಲ್ಲಿ ಇನ್ನೂ ರಕ್ತ ಕೊಡಲು ತಯಾರಾಗಿ ನಿಂತಿದ್ದರು. ಅವರನ್ನೆಲ್ಲ ಬೀಳ್ಕೊಟ್ಟು, ಉಳಿದವರನ್ನು ಮೂರು ಕಂಪ್ಯೂಟರಿಗೂ ಹತ್ತಿಸಿದಳು. ಒಂದು ಪ್ರೇಮನಾಥ ರೈಗಳ ಅಂಗಡಿಯಲ್ಲೇ ಉಳಿಯಿತು. ಇನ್ನೊಂದು ಸುಳ್ಯದ ಹತ್ತಿರದ ಆಲೆಟ್ಟಿಯಲ್ಲಿ ಕುಕ್ಕಪ್ಪ ಮಾಸ್ಟ್ರ ಮನೆಯ ಚಾವಡಿಗೆ ಹೋಗಿ ಅವರ ಸನ್ಮಾನಪತ್ರಗಳ ಕೆಳಗೆ ಕೂತಿತು. ಮೂರನೆಯದು ಕಡಬದ ಅಲಿ ಕುಂಞಿಯವರ ಔಷಧಿ ಅಂಗಡಿಗೆ. ಉದ್ಘಾಟನೆಯೂ ಮೂರು ಆಯಿತು. ಮೂರು ಕಡೆಯೂ ಯಜಮಾನರು ಯಂತ್ರದ ತಲೆ ಸವರುತ್ತ ಒಂದೇ ಪ್ರಶ್ನೆ ಕೇಳಿದರು: ಗುಡುಗು ಬಂದರೆ? ಮೂರು ಕಡೆಯೂ ದೀಕ್ಷಿತಾ ಒಂದೇ ಉತ್ತರ ಕೊಟ್ಟಳು.

"ನಿಮ್ಮದೊಂದು ನಿಂತ್ರೂ ತೊಂದರೆ ಇಲ್ಲ. ಉಳಿದ ಎರಡು ಉಂಟಲ್ಲ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮೊದಲ ತಕರಾರು ಗುಡುಗಿನಿಂದ ಬರಲಿಲ್ಲ. ಮೂರು ಕಂಪ್ಯೂಟರಿನ ಪರದೆಯ ಮೇಲೂ ಅವಳು ಮೂರು ಹಸಿರು ದೀಪದ ಚಿತ್ರ ಇಟ್ಟಿದ್ದಳು, ಯಾವ ಊರಿನದ್ದು ಎಚ್ಚರವಿದೆ ಎಂದು ಎಲ್ಲರಿಗೂ ಕಾಣಲಿ ಎಂದು. ಮೂರರಲ್ಲಿ ಒಂದು ಮುಂದಾಳಾಗಿ ಕೆಲಸ ಹಂಚಬೇಕಾಗುತ್ತದೆ, ಅದರ ಪಕ್ಕ ಒಂದು ನಕ್ಷತ್ರ. ವಾರ ಕಳೆಯುವುದರೊಳಗೆ ಪ್ರೇಮನಾಥ ರೈಗಳ ಫೋನ್ ಬಂತು.

"ಎಂತ ದೀಕ್ಷಿತಾ, ನಕ್ಷತ್ರ ಕಡಬಕ್ಕೆ ಹೋಗಿದೆ? ಅಧ್ಯಕ್ಷ ನಾನಲ್ವಾ?"

"ಅದು ಯಂತ್ರಗಳು ಅವುಗಳೊಳಗೇ ಚುನಾವಣೆ ಮಾಡಿಕೊಳ್ಳುದು ಪ್ರೇಮಣ್ಣ. ನಿಮ್ಮಲ್ಲಿ ನಿನ್ನೆ ನೆಟ್ ಹೋಗಿತ್ತು."

"ಮಹಾಸಭೆ ಕರೆಯದೆ ಚುನಾವಣೆಯಾ?"

ಅವರನ್ನು ಸಮಾಧಾನ ಮಾಡಿ ಫೋನಿಟ್ಟರೆ ಕುಕ್ಕಪ್ಪ ಮಾಸ್ಟ್ರದ್ದು ಬಂತು. ಅವರಿಗೆ ನಕ್ಷತ್ರದ ಆಸೆಯೇನೂ ಇಲ್ಲವಂತೆ, ಆದರೆ ಸುಳ್ಯದ ದೀಪ ಕೊನೆಗೆ ಯಾಕೆ, ಸುಮ್ಮನೆ ತಿಳಿದುಕೊಳ್ಳಲಿಕ್ಕೆ ಕೇಳಿದ್ದಂತೆ. ದೀಕ್ಷಿತಾಳಿಗೆ ಯಂತ್ರಗಳ ಜಗಳ ಬಿಡಿಸಲು ಬರುತ್ತಿತ್ತು, ಹಿರಿಯರದ್ದು ಬರುತ್ತಿರಲಿಲ್ಲ. ಮುಲಾಜಿಗೆ ಬಿದ್ದು ದೀಪ, ನಕ್ಷತ್ರ ಎಲ್ಲವನ್ನೂ ಪರದೆಯಿಂದ ಕಿತ್ತು ಹಾಕಿ, ಅಲ್ಲಿ 'ಬಳಗದ ಸೇವೆಗೆ ಸ್ವಾಗತ' ಎಂದು ಬರೆದು ಒಂದು ಕೆಂಪು ದಾಸವಾಳ ಅಂಟಿಸಿದಳು. ಮೂವರಿಗೂ ಖುಷಿಯಾಯಿತು. ಅಂದಿನಿಂದ ಯಾರ ಯಂತ್ರ ಎಚ್ಚರವಿದೆ, ಯಾರದ್ದು ಮಲಗಿದೆ ಎಂಬುದು ಯಾರಿಗೂ ಕಾಣದಂತಾಯಿತು.

ಎಪ್ರಿಲಿನಲ್ಲಿ ವಿಷು ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಆ ವರ್ಷದ ಮೊದಲ ದೊಡ್ಡ ಗುಡುಗು ಬಂತು. ಬಳಗದ ಫೋನು ಅಂದು ದೀಕ್ಷಿತಾಳ ಪಾಳಿಯಲ್ಲಿತ್ತು. ಅಂಗಡಿಯ ಪ್ಲಗ್ಗುಗಳನ್ನೆಲ್ಲ ಕಿತ್ತು ಅವಳು ಚಾ ಕುಡಿಯುತ್ತಿದ್ದಾಗ ಅದು ರಿಂಗಾಯಿತು. ಮಾತಾಡಿದ್ದು ಮಂಡೆಕೋಲಿನ ಭವಿತ್, ಸುಳ್ಯದ ಆಸ್ಪತ್ರೆಯೊಂದರಿಂದ. ಹೆಂಡತಿ ಯಶಸ್ವಿಗೆ ಹೆರಿಗೆಯಾಗಿದೆ, ಮಗು ಚೆನ್ನಾಗಿದೆ, ಇವಳಿಗೆ ರಕ್ತ ನಿಲ್ಲುತ್ತಿಲ್ಲ. ಓ ನೆಗೆಟಿವ್ ಬೇಕು. ಇದ್ದ ಒಂದು ಬಾಟಲಿ ಕೊಟ್ಟಾಗಿದೆ. ಮಂಗಳೂರಿನಿಂದ ತರಿಸುವಷ್ಟು ಸಮಯ ಇಲ್ಲ ಎನ್ನುತ್ತಾರೆ ಡಾಕ್ಟರು.

"ಈಗಲೇ ನೋಡಿ ಹೇಳ್ತೇನೆ," ಎಂದು ಮೊಬೈಲಿನಲ್ಲಿ ಪಟ್ಟಿ ತೆರೆದಳು. ದಾಸವಾಳ ಕಾಣಿಸಿತು. ಪಟ್ಟಿ ಬರಲಿಲ್ಲ. ಇನ್ನೊಮ್ಮೆ ಒತ್ತಿದಳು, ದಾಸವಾಳವೇ ಬಂತು.

ಪುತ್ತೂರಿಗೆ ಫೋನ್ ಮಾಡಿದಳು.

"ಪ್ಲಗ್ಗಾ? ಮೊದಲ ಗುಡುಗಿಗೇ ತೆಗೆದಾಯ್ತು ಮಾರಾಯ್ತಿ," ಎಂದರು ಪ್ರೇಮನಾಥ ರೈಗಳು. "ಉಳಿದ ಎರಡು ಉಂಟಲ್ಲ, ನೀನೇ ಹೇಳಿದ್ದು."

ಕುಕ್ಕಪ್ಪ ಮಾಸ್ಟ್ರು ಗುಡುಗಿಗೂ ಕಾಯದೆ ಮೋಡ ನೋಡಿಯೇ ತೆಗೆದಿದ್ದರು. ಅಲಿ ಕುಂಞಿಯವರಂತೂ, "ಬಳಗದ ಸೊತ್ತಲ್ವಾ ಮಗಳೇ, ನನ್ನ ಫ್ರಿಜ್ಜಿಗಿಂತ ಮೊದಲು ಅದರದ್ದು ತೆಗೆದೆ," ಎಂದು ಮೆಚ್ಚುಗೆಗಾಗಿ ಕಾದರು. ಒಬ್ಬರೂ ಉದಾಸೀನ ಮಾಡಿದವರಲ್ಲ. ಮೂವರೂ ಅವಳ ಮಾತನ್ನು ಪೂರ್ತಿ ನಂಬಿ, ಉಳಿದಿಬ್ಬರ ಮೇಲೆ ಪೂರ್ತಿ ಭರವಸೆಯಿಟ್ಟು, ಮೂರು ಊರಿನಲ್ಲಿ ಮೂರು ಪ್ಲಗ್ಗು ಕಿತ್ತಿದ್ದರು.

"ಎರಡಾದ್ರೂ ಬೇಕು, ಒಮ್ಮೆ ಹಾಕಿ," ಎಂದು ಮತ್ತೆ ಒಬ್ಬೊಬ್ಬರನ್ನಾಗಿ ಬೇಡಿದಳು. ಪ್ರೇಮನಾಥ ರೈಗಳಿಗೆ ಸಿಡಿಲು ನೆತ್ತಿಯ ಮೇಲೇ ಇತ್ತು, ಸುಳ್ಯದವರು ಹಾಕಲಿ ಎಂದರು. ಮಾಸ್ಟ್ರು ಕಡಬದಲ್ಲಿ ಮಳೆ ಬಿಟ್ಟಿರಬಹುದು, ಅಲ್ಲಿ ಕೇಳಿ ನೋಡು ಎಂದರು. ಅಲಿ ಕುಂಞಿಯವರು, ಅಧ್ಯಕ್ಷರು ಹಾಕಿದ ಕೂಡಲೇ ತಾನೂ ಹಾಕುತ್ತೇನೆಂದು ಮಾತು ಕೊಟ್ಟರು. ಯಾರೂ ಇಲ್ಲ ಎನ್ನಲಿಲ್ಲ. ಈ ಊರಿನಲ್ಲಿ ಯಾರೂ ಯಾರಿಗೂ ಇಲ್ಲ ಎನ್ನುವುದಿಲ್ಲ, ಸಂಕಟವೇ ಅದು.

ಭವಿತ್ ಎರಡನೇ ಸಲ ಫೋನ್ ಮಾಡಿದ. "ಅಕ್ಕಾ, ಸಿಕ್ಕಿತಾ? ಡಾಕ್ಟ್ರು ಮತ್ತೆ ಕೇಳ್ತಿದ್ದಾರೆ. ಅವಳು ಮಾತಾಡುದಿಲ್ಲ ಈಗ." ಹಿಂದಿನಿಂದ ಮಗುವಿನ ಅಳು ಕೇಳುತ್ತಿತ್ತು.

ದೀಕ್ಷಿತಾಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಆ ಹಸಿರು ದೀಪಗಳಿದ್ದಿದ್ದರೆ ಒಬ್ಬರಾದರೂ ನೋಡಿ ಕೈ ತಡೆಯುತ್ತಿದ್ದರು. ಈಗ ವಿವರಿಸುತ್ತ ಕೂರಲು ಹೊತ್ತಿಲ್ಲ. ಮಾಸ್ಟ್ರಿಗೆ ಮತ್ತೆ ಫೋನ್ ಹಚ್ಚಿದಳು.

"ಮಾಸ್ಟ್ರೇ, ಪುತ್ತೂರಿನದ್ದೂ ಕಡಬದ್ದೂ ಎರಡೂ ಸುಟ್ಟುಹೋಯ್ತು. ಇನ್ನು ಉಳಿದದ್ದು ನಿಮ್ಮದೊಂದೇ. ಒಬ್ಬಳು ಹೆಂಗಸಿನ ಜೀವ ನಿಮ್ಮ ಚಾವಡಿಯಲ್ಲಿ ಉಂಟು."

ಒಂದೇ ಇದ್ದರೆ ಪಟ್ಟಿ ತೆರೆಯದೆಂಬ ಲೆಕ್ಕ ಮಾಸ್ಟ್ರಿಗೆ ಆ ಗಾಬರಿಯಲ್ಲಿ ನೆನಪಾಗಲಿಲ್ಲ. "ಹಾಗಾದ್ರೆ ಬೇರೆ ಯಾರೂ ಇಲ್ವಾ?"

"ಯಾರೂ ಇಲ್ಲ."

"ತಿಮ್ಮಕ್ಕಾ, ಆ ಕಡೆ ಸರಿ," ಎಂದು ಅವರು ಹೆಂಡತಿಗೆ ಹೇಳಿದ್ದು ಕೇಳಿಸಿತು. ಆಮೇಲೆ ಪ್ಲಗ್ಗು ಕೂತ ಸದ್ದು. ಅದೇ ಮಾತನ್ನು, ಊರಿನ ಹೆಸರು ಮಾತ್ರ ಬದಲಿಸಿ, ಕಡಬಕ್ಕೂ ಹೇಳಿದಳು. ಅಲಿ ಕುಂಞಿಯವರು ಫೋನ್ ಮೇಜಿನ ಮೇಲೆ ಇಟ್ಟು ಓಡಿದರು. ಪಟ್ಟಿ ತೆರೆಯಿತು. ಸುಳ್ಯ ಕಡೆಯ ಮರ್ಕಂಜದ ದೇರಣ್ಣ, ಓ ನೆಗೆಟಿವ್, ಜೀಪಿನವ, ಕಳೆದ ಸಲ ಕೊಟ್ಟು ಆರು ತಿಂಗಳಾಗಿದೆ. ಆ ಸಿಡಿಲಿನಲ್ಲೇ ಅವನು ಹೊರಟ. ಯಶಸ್ವಿ ಬದುಕಿದಳು.

ಮರುದಿನ ದೀಕ್ಷಿತಾ ಪ್ರಾಮಾಣಿಕವಾಗಿಯೇ ಪ್ರಯತ್ನಿಸಿದಳು. ಯಾವ ಯಂತ್ರವೂ ಸುಟ್ಟಿಲ್ಲ, ಮೊದಲು ಹಾಗೆಂದುಕೊಂಡದ್ದು ತನ್ನ ತಪ್ಪು ಎಂದು ತೇಪೆ ಹಚ್ಚಿ, ಗುಡುಗಿನ ಹೊತ್ತಿನಲ್ಲಿ ಯಾವುದಾದರೂ ಎರಡು ಕಡೆ ಪ್ಲಗ್ಗು ಇರಲೇಬೇಕು ಎಂದು ಮೂವರಿಗೂ ಸಂದೇಶ ಕಳಿಸಿದಳು. ಮೂವರೂ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಮುಂದಿನ ಗುಡುಗಿಗೆ ಮತ್ತೆ ಮೂರೂ ಬಂದ್. ಎರಡು ಇದ್ದರೆ ಸಾಕೆಂದರೆ ತನ್ನದು ಮೂರನೆಯದು ಎಂದೇ ಪ್ರತಿಯೊಬ್ಬರೂ ತಿಳಿದಿದ್ದರು.

ಅಲ್ಲಿಂದ ಮೇಲೆ ಮೋಡ ಕಟ್ಟಿದಾಗಲೆಲ್ಲ ಅವಳು ಮೂರು ಫೋನ್ ಮಾಡತೊಡಗಿದಳು. ಇವತ್ತು ಪುತ್ತೂರಿನವರು ತೆಗೆದುಬಿಟ್ಟಿದ್ದಾರೆ, ಸುಳ್ಯದ್ದು ರಿಪೇರಿಯಲ್ಲುಂಟು, ನಿಮ್ಮದೊಂದೇ, ಈಗ ಒಂದಿದ್ದರೂ ಪಟ್ಟಿ ತೆರೆಯುವ ಹಾಗೆ ಮಾಡಿದ್ದೇನೆ. ಇದು ನೆಟ್ಟಗೆ ನಡೆಯಿತು. ಪ್ರೇಮನಾಥ ರೈಗಳು ಸಿಡಿಲಿನ ಹೊತ್ತಿನಲ್ಲಿ ಯಂತ್ರದ ಪಕ್ಕ ಕುರ್ಚಿ ಹಾಕಿ ಕಾವಲು ಕೂರುತ್ತಿದ್ದರು. ಮಾಸ್ಟ್ರು ಸುಳ್ಯದವರ ಧೈರ್ಯದ ಬಗ್ಗೆ ಹೋದಲ್ಲಿ ಬಂದಲ್ಲಿ ಹೇಳತೊಡಗಿದರು. ಉಳಿದಿಬ್ಬರ ಮೇಲೆ ಮೂವರಿಗೂ ಒಂಥರಾ ಮರುಕ ಹುಟ್ಟಿತ್ತು. ಎದುರು ಸಿಕ್ಕಾಗ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಕೇಳಿದರೆ ಪಾಪ, ಅವರಿಗೆ ಬೇಜಾರಾಗುತ್ತದಲ್ಲ. ಯಂತ್ರಗಳಾದರೋ ಕ್ಷಣಕ್ಷಣಕ್ಕೂ ಒಂದನ್ನೊಂದು "ಇದ್ದೀಯಾ?" ಎಂದು ವಿಚಾರಿಸಿಕೊಳ್ಳುತ್ತಲೇ ಇದ್ದವು. ಹೀಗೆ ಮೂರು ಯಂತ್ರಗಳ ಆ ಹೊಸ ವ್ಯವಸ್ಥೆ, ಪ್ರತಿಯೊಬ್ಬರೂ ಒಂದೇ ಯಂತ್ರವಿದೆ ಎಂದು ನಂಬಿದ್ದರಿಂದ, ಒಂದು ದಿನವೂ ನಿಲ್ಲದೆ ನಡೆಯಿತು.

ಮೇ ಕೊನೆಯ ವಾರ ಸಂಜೆಯೊಂದರಲ್ಲಿ ಕಡಬದಿಂದ ಫೋನ್ ಬಂತು. ದೀಕ್ಷಿತಾ ಆಗಷ್ಟೇ ಪುತ್ತೂರಿನ ಆಸ್ಪತ್ರೆಗೆ ಒಬ್ಬರನ್ನು ಕಳಿಸಿ ಪಟ್ಟಿಯಲ್ಲಿ ಗುರುತು ಹಾಕಿದ್ದಳು.

"ಹೋಯ್ತು ಮಗಳೇ," ಎಂದರು ಅಲಿ ಕುಂಞಿಯವರು. ದನಿ ಗುರುತು ಸಿಗದಷ್ಟು ಕುಗ್ಗಿತ್ತು. "ಕಣ್ಣೆದುರೇ ಬೆಂಕಿ ಬಂತು. ಪೂರ್ತಿ ಕರಟಿಹೋಗಿದೆ."

"ನಿಮಗೆ ಎಂತ ಆಗ್ಲಿಲ್ಲ ಅಲ್ವಾ ಅಲಿಯಾಕ?"

"ನನಗೆ ಆಗಿದ್ರೆ ಅಡ್ಡಿಯಿರ್ಲಿಲ್ಲ. ಇದ್ದದ್ದು ನನ್ನದೊಂದೇ. ಅದನ್ನೂ ಉಳಿಸ್ಲಿಕ್ಕೆ ಆಗ್ಲಿಲ್ಲ. ಈಗ ಯಾರಾದ್ರೂ ರಕ್ತ ಕೇಳಿದ್ರೆ ಎಂತ ಹೇಳುದು? ಆ ಪಾಪ ಯಾರ ತಲೆಗೆ?" ಅರುವತ್ತು ದಾಟಿದ ಆ ಮನುಷ್ಯ ಅಳುತ್ತಿದ್ದರು.

ದೀಕ್ಷಿತಾಳ ಕೈಯಲ್ಲಿ ಪಟ್ಟಿ ತೆರೆದೇ ಇತ್ತು. ಒಂದು ಸುಟ್ಟರೂ ಉಳಿದೆರಡು ನಡೆಸುತ್ತವೆ ಎಂದು ಅವಳು ಕಟ್ಟಿದ್ದು ಇಂಥ ದಿನಕ್ಕೇ. ಯಂತ್ರ ಕೂದಲೆಳೆಯಷ್ಟೂ ತಪ್ಪದೆ ಹಾಗೇ ನಡೆದಿತ್ತು. ಅವಳಿಗೆ ಒಂದು ಚೂರೂ ಸಂತೋಷವಾಗಲಿಲ್ಲ. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಈ ಅಳುವಿನ ಮುಂದೆ ಅದನ್ನು ಹೇಳುವಷ್ಟು ಅವಳು ಇನ್ನೂ ಕೆಟ್ಟಿರಲಿಲ್ಲ.

"ಅಲಿಯಾಕ, ಪಟ್ಟಿ ಹೋಗ್ಲಿಲ್ಲ. ಪುತ್ತೂರಿನದ್ದೂ ಸುಳ್ಯದ್ದೂ ನಡೀತಾ ಉಂಟು."

"ಇವತ್ತು ಹಾಕಿದ್ರಾ ಅವರು?"

"ದಿನಾಲೂ ಹಾಕಿಯೇ ಇದ್ರು. ನಾನು ನಿಮಗೆ ಸುಳ್ಳು ಹೇಳಿದ್ದು."

ಅವಳು ಬೈಗುಳಕ್ಕೆ ಕಾದಳು.

"ಪ್ರೇಮಣ್ಣನಿಗೂ ನೀನು ಹೀಗೇ ಹೇಳುದಾ, ಅವರದ್ದೊಂದೇ ಅಂತ?"

"ಹೌದು."

"ಮಾಸ್ಟ್ರಿಗೂ?"

"ಹೌದು ಅಲಿಯಾಕ."

ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ, ಪಕ್ಕದಲ್ಲಿ ಯಾರೋ ಕದ್ದು ಕೇಳುತ್ತಿದ್ದಾರೇನೋ ಎಂಬಂತೆ ದನಿ ತಗ್ಗಿಸಿ ಹೇಳಿದರು:

"ಅವರಿಗೆ ಹೇಳ್ಬೇಡ. ಗುಡುಗು ಇನ್ನೂ ನಿಲ್ಲಲಿಲ್ಲ."